ಹಳಿ ತೊಳೆಯುವ ರೈಲು ಮತ್ತು ಲೆಕ್ಕಕ್ಕೆ ಸಿಗದ ಲಾಭ

ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಒಯ್ಯದೆ, ಒಂದು ಪೌಂಡಿನಷ್ಟೂ ಬಾಡಿಗೆ ಗಳಿಸದೆ ಓಡುವ ರೈಲುಗಳು ಬ್ರಿಟನ್ನಿನಲ್ಲಿವೆ. ಎಲೆ ಉದುರುವ ಶರತ್ಕಾಲದಲ್ಲಿ, ಅಂದರೆ ಅಕ್ಟೋಬರಿನಿಂದ ಡಿಸೆಂಬರ್ ಮಧ್ಯಭಾಗದವರೆಗೆ, ಹಗಲಿರುಳು ಹಳಿಗಳನ್ನು ತೊಳೆಯುವುದೇ ಅವುಗಳ ಕೆಲಸ. ಮಾರ್ಗಗಳ ಒಡೆತನ ಹೊಂದಿರುವ ನೆಟ್‌ವರ್ಕ್ ರೈಲ್ ಸಂಸ್ಥೆಯು ಇದರ ಹೊಣೆ ಹೊತ್ತಿದೆ. ಆದಾಯವಿಲ್ಲದ ಇಂತಹ ವೆಚ್ಚವನ್ನು ಒಂದು ಸಂಸ್ಥೆ ವರ್ಷವರ್ಷವೂ ಏಕೆ ಮಾಡುತ್ತದೆ ಎಂಬ ಪ್ರಶ್ನೆಯಲ್ಲಿ ನಮ್ಮ ಉದ್ಯಮಿಗಳಿಗೂ ಒಂದು ಪಾಠ ಅಡಗಿದೆ.

ಎಲೆಯಿಂದ ಅಪಾಯವೆಂತು?

ಉಕ್ಕಿನ ಗಾಲಿಯು ಉಕ್ಕಿನ ಹಳಿಯನ್ನು ಸ್ಪರ್ಶಿಸುವ ಜಾಗ ಒಂದು ಸಣ್ಣ ನಾಣ್ಯದಷ್ಟೇ ಇರುತ್ತದೆ. ರೈಲು ಚಲಿಸುವುದೂ ನಿಲ್ಲುವುದೂ ಆ ಜಾಗದಲ್ಲಿನ ಹಿಡಿತದ ಬಲದಿಂದ. ಉದುರಿದ ಎಲೆಗಳು ಮಂಜಿನ ತೇವದಲ್ಲಿ ಹಳಿಗೆ ಅಂಟಿ, ಗಾಲಿಗಳ ಭಾರಕ್ಕೆ ಅರೆದುಹೋಗಿ, ಗಟ್ಟಿಯಾದ ಕಪ್ಪು ಪದರವಾಗುತ್ತವೆ. ಅದರ ಮೇಲೆ ಬ್ರೇಕ್ ಹಾಕಿದರೆ ಗಾಲಿ ನಿಲ್ಲುತ್ತದೆ, ರೈಲು ಜಾರುತ್ತಲೇ ಸಾಗುತ್ತದೆ. ಇನ್ನೊಂದು ಅಪಾಯವೂ ಉಂಟು. ಈ ಪದರವು ಗಾಲಿ ಮತ್ತು ಹಳಿಗಳ ನಡುವಿನ ವಿದ್ಯುತ್ ಸಂಪರ್ಕವನ್ನು ತಡೆಯುವುದರಿಂದ, ಮಾರ್ಗದಲ್ಲಿ ರೈಲು ಇರುವುದೇ ಸಿಗ್ನಲ್ ವ್ಯವಸ್ಥೆಗೆ ತಿಳಿಯದೆ ಹೋಗಬಹುದು.

ಉಗಿಬಂಡಿಗಳ ಕಾಲದಲ್ಲಿ ಎಂಜಿನ್ ಕಿಡಿಯಿಂದ ಬೆಂಕಿ ಹತ್ತುವ ಭಯವಿದ್ದುದರಿಂದ ಹಳಿಯ ಇಕ್ಕೆಲದ ಗಿಡಗಂಟಿಗಳನ್ನು ತಪ್ಪದೆ ಸವರಲಾಗುತ್ತಿತ್ತು. 1968ರಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯಮಾರ್ಗಗಳಿಂದ ಉಗಿಬಂಡಿ ನಿರ್ಗಮಿಸಿದ ಬಳಿಕ ಆ ಖರ್ಚು ಅನಾವಶ್ಯಕವೆನಿಸಿತು, ಮರಗಳು ಬೆಳೆದವು. ಒಂದು ಕಾಲದ ಉಳಿತಾಯವು ಇನ್ನೊಂದು ಕಾಲದ ವೆಚ್ಚವಾಯಿತು. ಈಗ ಮರಗಳನ್ನೇ ಕಡಿಯೋಣವೆಂದರೆ ಅದೂ ಸುಲಭವಲ್ಲ. ಮರ ಕಡಿತಕ್ಕೆ ಸಾರ್ವಜನಿಕರಿಂದ ವಿರೋಧ ಬಂದು, 2018ರಲ್ಲಿ ಸರ್ಕಾರವೇ ಪರಿಶೀಲನೆಗೆ ಆದೇಶಿಸಬೇಕಾಯಿತು. ಹೀಗಾಗಿ ತೊಳೆಯುವ ರೈಲುಗಳಿಗೆ ಬಿಡುವಿಲ್ಲ. ಎರಡೂ ತುದಿಗಳಲ್ಲಿ ಎಂಜಿನ್, ನಡುವೆ ನೀರಿನ ಟ್ಯಾಂಕುಗಳನ್ನು ಹೊತ್ತ ವ್ಯಾಗನ್ನುಗಳು. ಸುಮಾರು 1,500 ಬಾರ್ ಒತ್ತಡದ ನೀರು ಹಳಿಯ ಮೇಲಿನ ಪದರವನ್ನು ಕಿತ್ತೆಸೆಯುತ್ತದೆ. ಅಗತ್ಯವಿದ್ದೆಡೆ ಮರಳು ಬೆರೆಸಿದ ಲೋಳೆಯಂತಹ ಮಿಶ್ರಣವನ್ನು ಬಳಿಯುತ್ತಾರೆ.

ತಪ್ಪಿದಾಗ ತೆತ್ತ ಬೆಲೆ

ಹಳಿಯನ್ನು ತೊಳೆದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಬ್ರೇಕ್ ಹಾಕಿದಾಗ ಗಾಲಿಯ ಮುಂದೆ ಮರಳು ಸುರಿಸುವ ಸಾಧನ ರೈಲುಗಳಲ್ಲಿಯೇ ಇರುತ್ತದೆ. 2010ರ ನವೆಂಬರ್ 8ರಂದು ಈಸ್ಟ್ ಸಸೆಕ್ಸ್‌ನ ಸ್ಟೋನ್‌ಗೇಟ್ ನಿಲ್ದಾಣದಲ್ಲಿ ನಿಲ್ಲಬೇಕಿದ್ದ ರೈಲು, ಬ್ರೇಕ್ ಹಾಕಿದ್ದರೂ ಸುಮಾರು 4 ಕಿಲೋಮೀಟರ್ ಜಾರಿ ನಿಂತಿತು. ಮುಂಭಾಗದ ಮರಳುಪೆಟ್ಟಿಗೆಯಲ್ಲಿ ಮರಳಿರಲಿಲ್ಲವೆಂಬುದು ತನಿಖೆಯಲ್ಲಿ ಹೊರಬಿದ್ದ ಕಾರಣ. ಅಂದು ಯಾರಿಗೂ ಪೆಟ್ಟಾಗಲಿಲ್ಲ. 2021ರ ಅಕ್ಟೋಬರ್ 31ರಂದು ಸಾಲ್ಸ್‌ಬರಿಯ ಬಳಿ ಎರಡು ರೈಲುಗಳು ಡಿಕ್ಕಿಯಾಗಿ ಚಾಲಕರೊಬ್ಬರು ತೀವ್ರವಾಗಿ ಗಾಯಗೊಂಡರು. ಹಳಿಯ ಮೇಲಿನ ಎಲೆಪದರವೇ ಹಿಡಿತ ತಪ್ಪಲು ಕಾರಣವಾಗಿತ್ತು. 2024ರ ಅಕ್ಟೋಬರ್ 21ರಂದು ವೇಲ್ಸ್‌ನ ಟಾಲೆರ್ಥಿಗ್ ಬಳಿ ಎರಡು ರೈಲುಗಳು ಮುಖಾಮುಖಿಯಾಗಿ ಒಬ್ಬ ಪ್ರಯಾಣಿಕರು ಮೃತಪಟ್ಟರು. ಅಲ್ಲಿಯೂ ಮರಳು ಸುರಿಸುವ ಕೊಳವೆಗಳು ಕಟ್ಟಿಕೊಂಡಿದ್ದವೆಂದು ಪ್ರಾಥಮಿಕ ತನಿಖೆ ತಿಳಿಸಿತು. ಒಂದು ಪೆಟ್ಟಿಗೆ ಮರಳು, ಒಂದು ಕೊಳವೆಯ ಶುಚಿತ್ವ ಇವುಗಳಿಗೆ ತಗಲುವ ಹಣವೆಷ್ಟು? ಒಂದು ಜೀವದ ಬೆಲೆಯೆಷ್ಟು?

ಲೆಕ್ಕಪತ್ರದ ಮೌನ

ನಿರ್ವಹಣೆಯ ವೆಚ್ಚ ಸುಲಭವಾಗಿ ಕತ್ತರಿಗೆ ಸಿಗುವುದಕ್ಕೆ ಲೆಕ್ಕಶಾಸ್ತ್ರದಲ್ಲಿಯೇ ಒಂದು ಕಾರಣವುಂಟು. ಯಂತ್ರ ಕೊಂಡರೆ ಅದು ಆಸ್ತಿಯಾಗಿ ಅಢಾವೆ ಪತ್ರಿಕೆಯಲ್ಲಿ ರಾರಾಜಿಸುತ್ತದೆ. ಅದರ ದಿನನಿತ್ಯದ ನಿರ್ವಹಣೆಗೆ ಮಾಡಿದ ಖರ್ಚು ಆಯಾ ವರ್ಷದ ಲಾಭನಷ್ಟದ ಲೆಕ್ಕದಲ್ಲಿಯೇ ಕರಗಿಹೋಗುತ್ತದೆ. ಈ ವರ್ಷದ ನಿರ್ವಹಣೆಯನ್ನು ಮುಂದೂಡಿದರೆ ಅಷ್ಟರಮಟ್ಟಿಗೆ ಲಾಭ ಹೆಚ್ಚುತ್ತದೆ. ಮುಂದೂಡಿದ ಕೆಲಸವು ಹೊಣೆಗಾರಿಕೆಯಾಗಿ ಎಲ್ಲಿಯೂ ಕಾಣಿಸುವುದಿಲ್ಲ, ಮುಂದಿನ ದುರಸ್ತಿಗೆಂದು ಇಂದೇ ಅವಕಾಶ ಕಲ್ಪಿಸಲು ಲೆಕ್ಕಪತ್ರ ಮಾನದಂಡಗಳು ಸಾಮಾನ್ಯವಾಗಿ ಒಪ್ಪುವುದೂ ಇಲ್ಲ. ಮಾನದಂಡ ತಪ್ಪೆಂದಲ್ಲ. ಆದರೆ ಅದು ಹೇಳದೆ ಬಿಟ್ಟದ್ದನ್ನು ಆಡಳಿತವರ್ಗವು ತಾನಾಗಿಯೇ ಅರಿಯಬೇಕು. ನಿರ್ವಹಣೆ ಯಶಸ್ವಿಯಾದಾಗ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದ ವರ್ಷದಲ್ಲಿ ಆ ವೆಚ್ಚವೇ ವ್ಯರ್ಥವೆಂದು ತೋರುತ್ತದೆ.

ಈ ಮೌನವನ್ನು ಮುರಿಯಲು ಬ್ರಿಟನ್ನಿನ ರೈಲ್ವೆ ಕಂಡುಕೊಂಡ ಉಪಾಯ ಅನುಕರಣೀಯ. ಅಲ್ಲಿ ಮೂರು ನಿಮಿಷ ಮೀರಿದ ಪ್ರತಿಯೊಂದು ವಿಳಂಬಕ್ಕೂ ಕಾರಣವನ್ನೂ ಹೊಣೆಗಾರರನ್ನೂ ಗುರುತಿಸಿ ದಾಖಲಿಸುವ ಪದ್ಧತಿಯಿದೆ. ವಿಳಂಬದ ಹೊಣೆ ಹೊತ್ತ ಪಕ್ಷವು ಇನ್ನೊಂದು ಪಕ್ಷಕ್ಕೆ ಹಣ ತೆರುವ ಏರ್ಪಾಡನ್ನು ಒಪ್ಪಂದಗಳಲ್ಲಿಯೇ ಅಳವಡಿಸಿದ್ದಾರೆ. ಎಲೆಯಿಂದಾದ ನಷ್ಟಕ್ಕೆ ಹೀಗೆ ಒಂದು ಲೆಕ್ಕಶೀರ್ಷಿಕೆ ದೊರೆತ ಮೇಲೆ, ತೊಳೆಯುವ ರೈಲಿನ ವೆಚ್ಚವನ್ನು ಅದರೊಡನೆ ತೂಗಿ ನೋಡಲು ಸಾಧ್ಯವಾಗುತ್ತದೆ. ಪದ್ಧತಿಯಿದ್ದೂ ಅಪಘಾತಗಳಾದವಲ್ಲ ಎಂದು ಕೇಳಬಹುದು. ವೆಚ್ಚವನ್ನು ಮಂಜೂರು ಮಾಡುವುದು ಒಂದು, ಕೊಳವೆಯನ್ನು ಪ್ರತಿದಿನ ಪರೀಕ್ಷಿಸುವುದು ಇನ್ನೊಂದು, ಎರಡೂ ಬೇಕು.

ನಮ್ಮಲ್ಲಿ ಆಗಬೇಕಾದದ್ದು

ನಮ್ಮ ಮಾರ್ಗಗಳಿಗೆ ಎಲೆಗಿಂತ ಮಳೆಯ ಕಾಟ ಹೆಚ್ಚು. 2024ರ ಜುಲೈ ಅಂತ್ಯದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಮಣ್ಣು ಕುಸಿದು ರೈಲು ಸಂಚಾರ ನಿಂತಾಗ, ಮಂಗಳೂರು ಬಂದರನ್ನು ಅವಲಂಬಿಸಿದ ವ್ಯಾಪಾರಿಗಳು ಋತುವಿನ ಅಪಾಯವೆಂದರೇನೆಂಬುದನ್ನು ಅನುಭವಿಸಿದರು. ಆದರೆ ರೈಲ್ವೆಯನ್ನು ದೂರಿ ಸುಮ್ಮನಾಗುವ ಮುನ್ನ ಸದಸ್ಯರು ತಮ್ಮ ಕಾರ್ಖಾನೆ, ಗೋದಾಮುಗಳನ್ನೊಮ್ಮೆ ನೋಡಿಕೊಳ್ಳುವುದು ಒಳಿತು. ಯಂತ್ರ ನಿಂತ ಗಂಟೆಗಳಿಗೆ, ನೆನೆದ ಸರಕಿಗೆ, ತಡವಾದ ರವಾನೆಗೆ ಕಾರಣಸಹಿತ ದಾಖಲೆ ಎಷ್ಟು ಸಂಸ್ಥೆಗಳಲ್ಲಿದೆ? 'ದುರಸ್ತಿ ಮತ್ತು ನಿರ್ವಹಣೆ' ಎಂಬ ಒಂದೇ ಶೀರ್ಷಿಕೆಯಡಿ ಮುಂಜಾಗ್ರತೆಯ ಖರ್ಚೂ ಕೆಟ್ಟ ಮೇಲಿನ ಖರ್ಚೂ ಬೆರೆತುಹೋಗಿರುವುದೇ ಸಾಮಾನ್ಯ. ಆಂತರಿಕ ಲೆಕ್ಕಗಳಲ್ಲಾದರೂ ಇವೆರಡನ್ನು ಬೇರ್ಪಡಿಸಬೇಕು. ಸ್ಥಗಿತದ ನಷ್ಟವನ್ನು ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಮುಂದಿಡಬೇಕು. ಮಳೆಗಾಲದ ಪೂರ್ವಸಿದ್ಧತೆಯ ಮೊತ್ತವನ್ನು ಹಿಂದಿನ ವರ್ಷ ಅವಘಡವಾಯಿತೇ ಇಲ್ಲವೇ ಎಂಬುದರ ಮೇಲಲ್ಲ, ಅವಘಡವಾದರೆ ಆಗಬಹುದಾದ ನಷ್ಟದ ಮೇಲೆ ನಿಗದಿಪಡಿಸಬೇಕು. ಹೀಗೆ ಅಳೆದಾಗ ಕೆಲವು ಖರ್ಚು ನಿಜಕ್ಕೂ ಅನಗತ್ಯವೆಂದು ಕಂಡುಬಂದರೆ ಅದನ್ನು ಕೈಬಿಡಲೂ ಹಿಂಜರಿಯಬೇಕಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ನಮ್ಮ ಹಿರಿಯರು ನಕ್ಕರು. ಬಾವಿ ತೋಡಿದ ಖರ್ಚು ಈ ವರ್ಷದ ಲಾಭವನ್ನು ಕುಗ್ಗಿಸೀತು. ಆದರೂ ಆಯವ್ಯಯ ಸಿದ್ಧಪಡಿಸುವ ಹೊತ್ತಿನಲ್ಲಿ ಮೊದಲು ಕತ್ತರಿ ಬೀಳಬೇಕಾದ ಬಾಬು ಅದಲ್ಲ.