ಎರಡನೇ ಸಲ ನೀರು ತೆಗೆಸುವ ಮುನ್ನ

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಅಪ್ಪನೋ ಅಮ್ಮನೋ ಮನೆಯಲ್ಲಿದ್ದರೆ, ರಾತ್ರಿ ಅವರು ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆ ಎಂದು ನೋಡಿ. ಒಂದಿದ್ದದ್ದು ಮೂರಾಗಿದೆಯೇ? ಇತ್ತೀಚೆಗೆ ಒಂದೇ ಮಗ್ಗುಲಿಗೆ ಮಲಗುತ್ತಿದ್ದಾರೆಯೇ? ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಾರೆಯೇ? ಕಫವಿಲ್ಲದ ಒಣ ಕೆಮ್ಮು ವಾರಗಟ್ಟಲೆ ಬಿಡದೆ ಕಾಡುತ್ತಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೂ ಮುಂದಿನ ಕೀಮೋ ದಿನದವರೆಗೆ ಕಾಯಬೇಡಿ. ಈ ವಾರವೇ ಎದೆಯ ಎಕ್ಸ್‌ರೇ ಆಗಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಈ ಉಸಿರಾಟದ ತೊಂದರೆಯನ್ನು ಮೊದಲು ಗ್ಯಾಸು ಎನ್ನುತ್ತೇವೆ, ಆಮೇಲೆ ಕೀಮೋ ಸುಸ್ತು, ಆಮೇಲೆ ವಯಸ್ಸು. ಮಕ್ಕಳಿಗೆ ಯಾಕೆ ತೊಂದರೆ ಎಂದು ಹೆತ್ತವರೂ ಬಾಯಿ ಬಿಡುವುದಿಲ್ಲ. ದೂರದೇಶದಲ್ಲಿರುವ ಮಗಳು ವಿಡಿಯೋ ಕಾಲ್ ಮಾಡಿದಾಗ ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು ಮಾತಾಡುತ್ತಾರೆ. ಕೂತಾಗ ಉಸಿರು ಒಂದಿಷ್ಟು ಸಲೀಸು, ಹಾಗಾಗಿ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಊಟ ಆಯ್ತಾ ಎಂದು ಕೇಳುವ ಬದಲು ಅಡುಗೆಮನೆಗೆ ನಡೆದು ಹೋಗಿ ಬಂದು ಮಾತಾಡಮ್ಮ ಎಂದು ನೋಡಿ, ಒಂದು ವಾಕ್ಯ ಎಷ್ಟು ತುಂಡಾಗಿ ಬರುತ್ತದೆ ಎಂಬುದು ಗೊತ್ತಾಗುತ್ತದೆ.

ಒಳಗೆ ಆಗುತ್ತಿರುವುದು ಇಷ್ಟು. ಶ್ವಾಸಕೋಶಕ್ಕೆ ಹೊದಿಸಿದಂತೆ ಒಂದು ತೆಳು ಪೊರೆ, ಎದೆಗೂಡಿನ ಒಳಗೋಡೆಗೆ ಅಂಟಿಕೊಂಡು ಇನ್ನೊಂದು. ಎರಡರ ನಡುವೆ ಎಲ್ಲರಲ್ಲೂ ನಾಲ್ಕಾರು ಚಮಚದೊಳಗೆ ದ್ರವ ಇರುತ್ತದೆ. ಅದು ಒಂದು ಕಡೆಯಿಂದ ಜಿನುಗುತ್ತಲೇ ಇರುತ್ತದೆ, ಇನ್ನೊಂದು ಕಡೆ ಹೀರಿಹೋಗುತ್ತಲೇ ಇರುತ್ತದೆ. ಕ್ಯಾನ್ಸರ್ ಕಣಗಳು ಪೊರೆಗೆ ಹರಡಿದರೆ ಜಿನುಗುವುದು ಹೆಚ್ಚುತ್ತದೆ, ಹೀರುವ ದಾರಿ ಕಟ್ಟಿಕೊಂಡು ಎದೆಯಲ್ಲಿ ನೀರು ಸೇರುತ್ತದೆ. ಶ್ವಾಸಕೋಶದ ಮತ್ತು ಸ್ತನದ ಕ್ಯಾನ್ಸರ್‌ಗಳಲ್ಲಿ ಇದು ಹೆಚ್ಚು. ಲಿಂಫೋಮಾ, ಅಂಡಾಶಯದ ಕ್ಯಾನ್ಸರ್‌ಗಳಲ್ಲೂ ಉಂಟು. ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಕಾಣಬೇಕಾದರೆ ಸುಮಾರು 200 ಮಿಲಿಲೀಟರ್ ಸೇರಿರಬೇಕು. ಅಲ್ಟ್ರಾಸೌಂಡ್ ಅದಕ್ಕಿಂತ ಕಡಿಮೆಯಿದ್ದರೂ ತೋರಿಸುತ್ತದೆ. ಹಾಗೆಂದು ಕ್ಯಾನ್ಸರ್ ರೋಗಿಗೆ ಏದುಸಿರು ಬಂದಾಗಲೆಲ್ಲ ಅದು ನೀರೇ ಎಂದುಕೊಳ್ಳಬಾರದು. ರಕ್ತಹೀನತೆ, ನ್ಯುಮೋನಿಯಾ, ಹೃದಯದ ಸುತ್ತ ನೀರು, ಕಾಲಿನಿಂದ ಶ್ವಾಸಕೋಶಕ್ಕೆ ಸರಿದ ರಕ್ತದ ಗರಣೆ, ಎಲ್ಲಕ್ಕೂ ಇದೇ ಲಕ್ಷಣ. ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಒಂದು ಕಾಲು ಮಾತ್ರ ಊದಿದ್ದರೆ, ತುಟಿ ನೀಲಿಗಟ್ಟಿದ್ದರೆ, ಮಾತೇ ಆಡಲಾಗದಿದ್ದರೆ ಎಕ್ಸ್‌ರೇ ಸೆಂಟರ್ ಹುಡುಕಬೇಡಿ, 108ಕ್ಕೆ ಕರೆ ಮಾಡಿ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ, ಕ್ಷಯ. ಎದೆಯಲ್ಲಿ ನೀರು ಎಂದ ಕೂಡಲೇ ಟಿಬಿ ಮಾತ್ರೆ ಶುರುಮಾಡುವ ರೂಢಿ ಬಂದದ್ದು ಸುಮ್ಮನಲ್ಲ. ಇಲ್ಲಿ ಟಿಬಿಯಿಂದಲೂ ನೀರು ಸೇರುವುದು ಸಾಮಾನ್ಯ. ಆದರೆ ಎಡಿಎ ಎಂಬ ಪರೀಕ್ಷೆಯ ಅಂಕಿ ಜಾಸ್ತಿ ಇದೆ ಎಂಬ ಒಂದೇ ಕಾರಣಕ್ಕೆ ಟಿಬಿ ಎಂದು ಖಚಿತ ಮಾಡಲಾಗದು, ಲಿಂಫೋಮಾದಲ್ಲೂ ಆ ಅಂಕಿ ಏರಬಹುದು. ನೀರಿನಲ್ಲಿ ಕ್ಯಾನ್ಸರ್ ಕಣ ಹುಡುಕುವ ಸೈಟಾಲಜಿ ಪರೀಕ್ಷೆ ಕ್ಯಾನ್ಸರ್ ಇರುವವರಲ್ಲೂ ನೂರಕ್ಕೆ ಸುಮಾರು ಅರವತ್ತರಲ್ಲಿ ಮಾತ್ರ ಹೌದು ಎನ್ನುತ್ತದೆ. ಇಲ್ಲ ಎಂದು ಬಂದ ಒಂದು ವರದಿಯನ್ನು ನಂಬಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದವರ ಕ್ಯಾನ್ಸರ್ ಆ ತಿಂಗಳುಗಳಲ್ಲಿ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಮೊದಲ ಸಲ ತೆಗೆದ ನೀರು ಬಕೆಟ್ಟಿಗೆ ಹೋಯಿತೋ ಲ್ಯಾಬಿಗೆ ಹೋಯಿತೋ ಎಂದು ಕೇಳುವ ಹಕ್ಕು ನಿಮಗಿದೆ. ಐವತ್ತು ಅರವತ್ತು ಮಿಲಿಲೀಟರ್ ಸಾಕು. ಅದೇ ನೀರಿನ ಕಣಗಳನ್ನು ಸೆಲ್ ಬ್ಲಾಕ್ ಮಾಡಿಸಿದರೆ ಇಜಿಎಫ್‌ಆರ್‌ನಂಥ ಜೀನ್ ಬದಲಾವಣೆಯನ್ನೂ ಪತ್ತೆ ಮಾಡಬಹುದು. ಬೀಡಿ ಸಿಗರೇಟು ಮುಟ್ಟದ ಎಷ್ಟೋ ಹೆಂಗಸರ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇದು ಸಿಕ್ಕುತ್ತದೆ, ಸಿಕ್ಕರೆ ಮಾತ್ರೆಯಿಂದಲೇ ಚಿಕಿತ್ಸೆ ಸಾಧ್ಯ. ಕೆಲವರಿಗೆ ಆ ಮಾತ್ರೆಯಲ್ಲೇ ನೀರೂ ಇಂಗುತ್ತದೆ.

ಇನ್ನು ಈ ಬರಹದ ಮುಖ್ಯ ವಿಷಯ. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದ ದಿನ ಮನೆಯವರಿಗೆಲ್ಲ ಹಬ್ಬ. ಅಪ್ಪ ಎಷ್ಟೋ ದಿನದ ಮೇಲೆ ಅಡ್ಡ ಮಲಗಿ ನಿದ್ದೆ ಮಾಡುತ್ತಾರೆ, ಅನ್ನ ಸಾರು ಕೇಳಿ ಹಾಕಿಸಿಕೊಳ್ಳುತ್ತಾರೆ. ಆಯಿತು ಎಂದು ಎಲ್ಲರೂ ಕೆಲಸಕ್ಕೆ ಮರಳುತ್ತಾರೆ. ಆದರೆ ಒರತೆ ಇರುವ ಬಾವಿಯಿಂದ ನೀರು ಸೇದಿದಂತೆ ಅದು. ಕ್ಯಾನ್ಸರ್‌ನಿಂದ ಸೇರಿದ ನೀರು ಹೆಚ್ಚಿನವರಲ್ಲಿ ತಿಂಗಳೊಳಗೆ ಮತ್ತೆ ತುಂಬುತ್ತದೆ. ಆಗ ಮತ್ತೆ ಆಟೊ, ಮತ್ತೆ ಎಮರ್ಜೆನ್ಸಿ, ಮತ್ತೆ ಸೂಜಿ. ಒಮ್ಮೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಯಲು ವೈದ್ಯರು ಹಿಂಜರಿಯುತ್ತಾರೆ. ಮುದುಡಿದ ಶ್ವಾಸಕೋಶ ಒಮ್ಮೆಲೇ ಬಿಚ್ಚಿಕೊಂಡರೆ ಅದರೊಳಗೇ ನೀರು ಇಳಿಯುವ ಅಪಾಯವಿದೆ. ಪ್ರತಿ ಸಲವೂ ಆ ನೀರಿನ ಜೊತೆ ದೇಹದ ಪ್ರೋಟೀನೂ ಹೋಗುತ್ತದೆ, ಒಂದೂವರೆ ಲೀಟರಿಗೆ 45 ಗ್ರಾಂ ಅಥವಾ ಅದಕ್ಕೂ ಹೆಚ್ಚು. ಊಟ ಸೇರದ ವ್ಯಕ್ತಿಗೆ ಅದು ಸಣ್ಣ ನಷ್ಟವಲ್ಲ.

ಮೊದಲ ಸಲದ ನೀರು ತೆಗೆಯುವುದು ಚಿಕಿತ್ಸೆ ಎಷ್ಟೋ ಪರೀಕ್ಷೆಯೂ ಅಷ್ಟೇ. ನೀರು ಹೋದ ಮೇಲೆ ಉಸಿರು ನಿಜವಾಗಿ ಹಗುರವಾಯಿತೇ? ಆಗದಿದ್ದರೆ ಏದುಸಿರಿಗೆ ಕಾರಣ ಬೇರೆ ಇದೆ. ಆಮೇಲಿನ ಎಕ್ಸ್‌ರೇಯಲ್ಲಿ ಶ್ವಾಸಕೋಶ ಪೂರ್ತಿ ಬಿಚ್ಚಿಕೊಂಡಿತೇ, ಇಲ್ಲ ಗೆಡ್ಡೆಯ ಬಿಗಿಯಲ್ಲಿ ಮುದುಡಿಯೇ ಉಳಿಯಿತೇ? ಮತ್ತೆ ತುಂಬಲು ಎಷ್ಟು ದಿನ ಹಿಡಿಯಿತು? ಈ ಉತ್ತರಗಳನ್ನು ತಾರೀಖಿನ ಸಮೇತ ಫೈಲಿನಲ್ಲಿ ಬರೆದಿಟ್ಟುಕೊಳ್ಳಿ. ನೀರು ಮರಳಿತು ಎಂದು ಗೊತ್ತಾದ ದಿನ, ಎರಡನೇ ಸೂಜಿಗೆ ಬೆನ್ನು ಒಡ್ಡುವ ಮುನ್ನ, ಮುಂದೇನು ಎಂದು ವೈದ್ಯರನ್ನು ಕೇಳಿ. ನಡುರಾತ್ರಿ ಡ್ಯೂಟಿ ಡಾಕ್ಟರ ಮುಂದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅವರಿಗೆ ಆಗ ಗೊತ್ತಿರುವುದು ಸೂಜಿ ಒಂದೇ.

ಮುಂದಿನ ದಾರಿಗಳು ಮುಖ್ಯವಾಗಿ ಎರಡು. ಶ್ವಾಸಕೋಶ ಬಿಚ್ಚಿಕೊಳ್ಳುವಂತಿದ್ದರೆ ಪೊರೆಗಳ ನಡುವೆ ಟಾಲ್ಕ್ ಪುಡಿ ಸೇರಿಸಿ ಎರಡನ್ನೂ ಅಂಟಿಸಿಬಿಡುವುದು, ಇದು ಪ್ಲೂರೋಡೆಸಿಸ್. ನಮ್ಮಲ್ಲಿ ಪೊವಿಡೋನ್ ಅಯೋಡಿನ್ ಬಳಸುವವರೂ ಇದ್ದಾರೆ. ಕೆಲವು ದಿನ ಆಸ್ಪತ್ರೆ, ಒಂದಿಷ್ಟು ನೋವು, ಜ್ವರ. ಮುದುಡಿದ ಶ್ವಾಸಕೋಶಕ್ಕೆ ಇದು ಹಿಡಿಯದು. ಇನ್ನೊಂದು, ಚರ್ಮದಡಿ ಸುರಂಗದಂತೆ ಹಾಯಿಸಿ ಮೆತ್ತನೆಯ ಪೈಪ್ ಇಟ್ಟು ಕಳಿಸುವುದು. ಬೇಕಾದಾಗ ಮನೆಯಲ್ಲೇ ಬಾಟಲಿಗೆ ಇಳಿಸಿಕೊಳ್ಳಬಹುದು. 2017ರಲ್ಲಿ ಪ್ರಕಟವಾದ, 146 ರೋಗಿಗಳಿದ್ದ ಆಂಪಲ್ ಅಧ್ಯಯನದಲ್ಲಿ ಎರಡೂ ಗುಂಪಿನವರಿಗೆ ಉಸಿರಾಟದ ಆರಾಮ ಒಂದೇ ಬಗೆಯದಾಗಿತ್ತು. ಆದರೆ ಅದೇ ಕಡೆ ಮತ್ತೆ ಆಸ್ಪತ್ರೆಯಲ್ಲಿ ನೀರು ತೆಗೆಸಬೇಕಾದವರು ಪೈಪ್ ಇದ್ದವರಲ್ಲಿ ಶೇ 4, ಟಾಲ್ಕ್ ಹಾಕಿಸಿಕೊಂಡವರಲ್ಲಿ ಶೇ 22. ಪೈಪಿಗೆ ಸೋಂಕಿನ ಭಯವಿದೆ, ನೂರರಲ್ಲಿ ಐವರಿಗೆ ಆಗಬಹುದು. ಬೆಲೆಯೂ ಕಡಿಮೆಯಲ್ಲ. ಅದಕ್ಕೇ ಎಷ್ಟೋ ಕಡೆ ಪಿಗ್‌ಟೇಲ್ ಎಂಬ ಸಣ್ಣ ಪೈಪಿಗೆ ಯೂರೋಬ್ಯಾಗ್ ಎಂಬ ಚೀಲ ಕಟ್ಟಿ ಕಳಿಸುತ್ತಾರೆ. ಅದು ತಾತ್ಕಾಲಿಕ, ಕಳಚಿ ಬರುವುದೂ ಉಂಟು. ಆದರೂ ವಾರವಾರ ಸೂಜಿ ಚುಚ್ಚಿಸಿಕೊಳ್ಳುವುದಕ್ಕಿಂತ ಎಷ್ಟೋ ವಾಸಿ ಎಂಬುದು ನಮ್ಮ ಅಭಿಪ್ರಾಯ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಯಾವುದಕ್ಕೆ ನೆರವು ಸಿಗುತ್ತದೆ ಎಂದು ಮೊದಲೇ ವಿಚಾರಿಸಿ.

ಮನೆಯಲ್ಲಿ ನಡೆಯುವ ಕೆಲವು ಸಂಕಟಗಳು ಅನಗತ್ಯ. ಎದೆಯಲ್ಲಿ ನೀರು ಎಂದು ಕುಡಿಯುವ ನೀರು ನಿಲ್ಲಿಸುತ್ತಾರೆ. ಕುಡಿದ ನೀರು ಅಲ್ಲಿಗೆ ಹೋಗುವುದಿಲ್ಲ, ಬಾಯಿ ಒಣಗಿಸಿ ಏನೂ ಸಿಗದು. ಮೂತ್ರ ಹೋಗಿಸುವ ಮಾತ್ರೆ ಹೃದಯದ ತೊಂದರೆಯ ನೀರಿಗೆ ಸರಿ, ಕ್ಯಾನ್ಸರ್ ನೀರಿಗೆ ಸಾಮಾನ್ಯವಾಗಿ ಜಗ್ಗದು. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಸೂಜಿಗೆ ಮುನ್ನ ಹೇಳಲೇಬೇಕು. ಸಾಲ ಮಾಡಿ ಆಕ್ಸಿಜನ್ ಕಾನ್ಸಂಟ್ರೇಟರ್ ಕೊಳ್ಳುವವರಿದ್ದಾರೆ. ಬೆರಳಿಗೆ ಹಾಕುವ ಮೀಟರಿನಲ್ಲಿ ಆಮ್ಲಜನಕ ಕಡಿಮೆ ಇಲ್ಲದಿದ್ದರೆ ಅದರಿಂದ ಏದುಸಿರು ಇಳಿಯುವುದಿಲ್ಲ. ಮುಖಕ್ಕೆ ಗಾಳಿ ಬರುವಂತೆ ಸಣ್ಣ ಫ್ಯಾನ್ ಹಿಡಿಯುವುದು, ಮುಂದೆ ಟೇಬಲ್ಲಿಟ್ಟು ದಿಂಬಿನ ಮೇಲೆ ಬಾಗಿ ಕೂರಿಸುವುದು ಅದಕ್ಕಿಂತ ಉಪಯೋಗಕ್ಕೆ ಬರುತ್ತದೆ. ಇವೆಲ್ಲದರ ಮೇಲೆ ಮಾರ್ಫಿನ್ ಇದೆ. ಕಡಿಮೆ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ ಕೊಟ್ಟರೆ ಉಸಿರಿನ ಹಸಿವು ತಗ್ಗುತ್ತದೆ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾಗಿ ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ಹೆಸರು ಕೇಳಿ ಬೆಚ್ಚುವ ಮಕ್ಕಳ ಮನಸ್ಸು ಮಾತ್ರ ಅಷ್ಟು ಸುಲಭವಾಗಿ ಬದಲಾಗಿಲ್ಲ.

ಒಂದು ಕಹಿ ಮಾತು. ಇಂಥ ನೀರು ಸೇರಿದೆ ಎಂದರೆ ರೋಗ ಹರಡಿದೆ ಎಂದೇ ಅರ್ಥ. ಕ್ಯಾನ್ಸರ್‌ನ ಬಗೆಯನ್ನು ಅವಲಂಬಿಸಿ ಸರಾಸರಿ ಆಯುಸ್ಸನ್ನು 3ರಿಂದ 12 ತಿಂಗಳು ಎಂದು ಹೇಳುತ್ತ ಬಂದಿದ್ದಾರೆ, ಹೊಸ ಔಷಧಿ ಒಗ್ಗಿದವರು ಅದಕ್ಕಿಂತ ಹೆಚ್ಚು ಬಾಳುತ್ತಾರೆ. ಪೊರೆ ಅಂಟಿಸುವುದೋ ಪೈಪ್ ಇಡುವುದೋ ಎಂಬ ಆಯ್ಕೆ ಆಸ್ಪತ್ರೆಯಲ್ಲಿ ಎಷ್ಟು ದಿನ, ಮನೆಯಲ್ಲಿ ಎಷ್ಟು ದಿನ ಎಂಬ ಆಯ್ಕೆಯೂ ಹೌದು. ಅದನ್ನು ಅಣ್ಣತಮ್ಮಂದಿರು ಕಾರಿಡಾರಿನಲ್ಲಿ ನಿಂತು ತೀರ್ಮಾನಿಸುತ್ತಾರೆ, ಅಮ್ಮನಿಗೆ ಸ್ವಲ್ಪ ನೀರು ಕಟ್ಟಿದೆ ಅಷ್ಟೇ ಎನ್ನುತ್ತಾರೆ. ಪೈಪ್ ಇರುವುದು ಅಮ್ಮನ ಪಕ್ಕೆಲುಬಿನ ಪಕ್ಕ. ಸ್ನಾನಕ್ಕೆ, ಸೀರೆ ಉಡುವುದಕ್ಕೆ, ಮೊಮ್ಮಗನನ್ನು ಎತ್ತಿಕೊಳ್ಳುವುದಕ್ಕೆ ಅಡ್ಡಿಯಾದರೂ ಪರವಾಗಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೋ ಇಲ್ಲವೋ ಅವರನ್ನೇ ಕೇಳಬೇಕು.

ಸರ್ಕಾರದ ಪಾಲೂ ಇದೆ. ರಾಯಚೂರಿನ ಹಳ್ಳಿಯಿಂದ ಬೆಂಗಳೂರಿಗೆ 400 ಕಿಲೋಮೀಟರ್ ಆಸುಪಾಸು ಬಸ್ಸಿನಲ್ಲಿ ಕೂತು ಬರುವ ರೋಗಿಗೆ ಬೇಕಿರುವುದು ಅಲ್ಟ್ರಾಸೌಂಡ್ ನೋಡಿ ನೀರು ತೆಗೆಯಬಲ್ಲ ಒಬ್ಬ ವೈದ್ಯರು, ಪೈಪ್ ನೋಡಿಕೊಳ್ಳಲು ಕಲಿತ ಒಬ್ಬ ನರ್ಸ್, ಬೀಗದ ಕಪಾಟಿನಲ್ಲಿ ಮಾರ್ಫಿನ್ ಮಾತ್ರೆ. 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಹಾಸಿಗೆಗಳನ್ನು ಈ ಕೆಲಸಕ್ಕೆ ತುಂಬಿಸಬೇಕಿಲ್ಲ. ಮರಣಾಸನ್ನರನ್ನು ಹಣ ಕೇಳದೆ ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ತಾಣ ಎಲ್ಲ ಜಿಲ್ಲೆಗಳಲ್ಲಿ ಏಳುವವರೆಗೆ ಕಾಯಲೂ ಆಗದು. ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವಂತೆ, ಎದೆನೀರಿನ ಹೊರರೋಗಿ ವಿಭಾಗ ತೆರೆಯಲಿ. ಆ ದಿನ ಯಾವುದು ಎಂಬುದನ್ನು ಕೀಮೋ ಮುಗಿಸಿ ಹೊರಡುವ ಪ್ರತಿ ರೋಗಿಯ ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಲಿ.