ಪೆಟ್ಟಿಗೆ ಬಿಚ್ಚಿ ನೋಡಿ, ಆಮೇಲೆ ಹೊಸದರ ಬೆಲೆ ಕೇಳಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಮನೆ, ಅಂಗಡಿ, ಶಾಲೆ, ಸಣ್ಣ ಕಚೇರಿಗಳಲ್ಲೆಲ್ಲ ಒಂದೇ ಪ್ರಶ್ನೆ: ಮೇಜಿನ ಮೇಲಿರುವ ಡೆಸ್ಕ್‌ಟಾಪ್ ಇಟ್ಟುಕೊಳ್ಳುವುದೋ, ಬದಲಿಸುವುದೋ? ಮಾರುವವರ ಉತ್ತರ ಸಿದ್ಧವಾಗಿರುತ್ತದೆ. "ಹಳೇದಾಯ್ತು ಸಾರ್, ಇದಕ್ಕೆ ಹಾಕೋ ದುಡ್ಡೆಲ್ಲ ದಂಡ. ಇನ್ನೊಂದಿಷ್ಟು ಸೇರಿಸಿ ಹೊಸದೇ ತಗೊಂಡುಬಿಡಿ." ಈ ಮಾತು ಕೆಲವೊಮ್ಮೆ ನಿಜ, ಬಹಳಷ್ಟು ಸಲ ನಿಜವಲ್ಲ. ಕ್ಯಾಬಿನೆಟ್ಟಿನ ಪಕ್ಕದ ತಗಡನ್ನೂ ತೆಗೆಯದೆ ಹೇಳಿದರೆ ನಂಬಲೇಬಾರದು.

ಡೆಸ್ಕ್‌ಟಾಪ್ ಇಡಿಯಾಗಿ ಮುದಿಯಾಗುವುದಿಲ್ಲ. ಅದರೊಳಗಿನ ಯಾವುದೋ ಒಂದು ಭಾಗ ಸೋಲುತ್ತದೆ, ಉಳಿದವು ಗಟ್ಟಿಯಾಗಿಯೇ ಇರುತ್ತವೆ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾನದಂಡ ಇಂದಿಗೂ ನಡೆಯುತ್ತಿದೆ. ಮದರ್‌ಬೋರ್ಡಿನ ಅಳತೆ, ಸ್ಕ್ರೂ ಕೂರುವ ಜಾಗ, ಪವರ್ ಸಪ್ಲೈನ (ಎಸ್‌ಎಂಪಿಎಸ್) ಆಕಾರ ಎಲ್ಲವೂ ಅದರಲ್ಲಿ ನಿಗದಿಯಾಗಿವೆ. ಹಾಗಾಗಿ ಒಬ್ಬರ ಕ್ಯಾಬಿನೆಟ್ಟಿನಲ್ಲಿ ಇನ್ನೊಬ್ಬರ ಬೋರ್ಡು, ಮತ್ತೊಬ್ಬರ ಎಸ್‌ಎಂಪಿಎಸ್ ಸಲೀಸಾಗಿ ಕೂರುತ್ತವೆ. ಕೆಲವು ಬ್ರ್ಯಾಂಡೆಡ್ ಮಾದರಿಗಳು ಮಾತ್ರ ಇದಕ್ಕೆ ಹೊರತು. ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಫೋನುಗಳಲ್ಲಿ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಡೆಸ್ಕ್‌ಟಾಪನ್ನು ಬಿಚ್ಚಿ ಜೋಡಿಸಲು ಒಂದು ಸ್ಕ್ರೂಡ್ರೈವರ್ ಸಾಕು. ರಿಪೇರಿಗೆ ಇಷ್ಟು ಒದಗುವ ಯಂತ್ರವನ್ನು ಬರೀ ವಯಸ್ಸು ನೋಡಿ ಎಸೆಯುವುದು ತಪ್ಪು.

ಮೊದಲು ಕಾಯಿಲೆ ಯಾವುದೆಂದು ತಿಳಿಯಬೇಕು. "ಸಿಸ್ಟಮ್ ತುಂಬಾ ಸ್ಲೋ, ಹ್ಯಾಂಗ್ ಆಗ್ತಿದೆ" ಎನ್ನುವ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಹಳೆಯ ಹಾರ್ಡ್ ಡಿಸ್ಕ್. ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರ್ ಬಿಡುವಾಗಿದ್ದು ಡಿಸ್ಕ್ ಮಾತ್ರ ನೂರಕ್ಕೆ ನೂರು ತೋರಿಸುತ್ತಿದ್ದರೆ ಅನುಮಾನವೇ ಬೇಡ. ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಅತ್ತಿತ್ತ ಓಡಾಡಿ ಮಾಹಿತಿ ತರಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹತ್ತು ವರ್ಷದ ಕಂಪ್ಯೂಟರಿಗೂ ಸಾಟಾ ಎಸ್‌ಎಸ್‌ಡಿ ಹಾಕಿ, ನಾಲ್ಕು ಜಿಬಿ ರ‍್ಯಾಮನ್ನು ಎಂಟಕ್ಕೆ ಏರಿಸಿದರೆ ಪತ್ರ, ಲೆಕ್ಕ, ಇಂಟರ್‌ನೆಟ್ ಕೆಲಸಗಳಿಗೆ ಅದು ಚುರುಕಾಗಿ ಓಡುತ್ತದೆ. ಹಳೆಯ ಬೋರ್ಡುಗಳಲ್ಲಿ ಹೆಚ್ಚಾಗಿ ಎಂ.2 ಎಸ್‌ಎಸ್‌ಡಿ ಕೂರುವ ಜಾಗ ಇರುವುದಿಲ್ಲ. ಹಾಗಾಗಿ ಕೊಳ್ಳುವಾಗ ಸಾಟಾ ಎಂದೇ ಕೇಳಬೇಕು.

ಕಂಪ್ಯೂಟರ್ ಹಾಕಿದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗಿದೆಯೇ, ಬ್ಯಾಂಕಿನ ವೆಬ್‌ಸೈಟು ತೆರೆಯಲು ಒಪ್ಪುತ್ತಿಲ್ಲವೇ? ಬೋರ್ಡಿನ ಮೇಲಿರುವ ಸಿಆರ್2032 ಬಟನ್ ಸೆಲ್ ಮುಗಿದಿದೆ. ತಾರೀಕು ತಪ್ಪಿದರೆ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪುವುದಿಲ್ಲ. ಗಡಿಯಾರದ ಅಂಗಡಿಯಲ್ಲಿ ಸಿಗುವ ಸೆಲ್ಲಿನಿಂದ ಸರಿಹೋಗುವ ತೊಂದರೆ ಇದು. ಬೀಪ್ ಬೀಪ್ ಎಂದು ಕೂಗಿ ಪರದೆ ಕಪ್ಪಾಗಿಯೇ ಉಳಿದರೆ ರ‍್ಯಾಮ್ ತೆಗೆದು, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು ಮೆಕ್ಯಾನಿಕ್‌ಗಳು ಮಾಡುವ ಮೊದಲ ಪರೀಕ್ಷೆ. ಬಟನ್ ಒತ್ತಿದರೆ ಏನೂ ಆಗದಿದ್ದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಯಾವ ಪರೀಕ್ಷೆಗೂ ಕಾಯಬಾರದು. ಫೋಟೊ, ದಾಖಲೆಗಳನ್ನು ಅವತ್ತೇ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.

ಬಸ್ ನಿಲ್ದಾಣದ ಪಕ್ಕದ ಡಿಟಿಪಿ ಅಂಗಡಿಯೊಂದರಲ್ಲಿ ಮದುವೆ ಸೀಜನ್ನಿನ ನಡುವೆ ಕಂಪ್ಯೂಟರ್ ತಾನಾಗಿ ಆಫ್ ಆಗತೊಡಗಿತು. ಮೊದಲು ನೋಡಿದವರು ಬೋರ್ಡೇ ಹೋಗಿದೆ ಎಂದಿದ್ದರು. ಆಮೇಲೆ ಬಂದ ಮೆಕ್ಯಾನಿಕ್ ಹುಡುಗ ಪ್ಲಗ್ ಕಿತ್ತು, ತಗಡು ತೆಗೆದು, ಪ್ರೊಸೆಸರಿನ ಮೇಲಿನ ಫ್ಯಾನನ್ನು ಬಿಚ್ಚಿದ. ಕೆಳಗಿನ ಅಲ್ಯುಮಿನಿಯಂ ಹಲ್ಲುಗಳ ನಡುವೆ ಗಾಳಿ ಆಡಲು ಎಡೆಯೇ ಇಲ್ಲದಂತೆ ಧೂಳು ಗಟ್ಟಿಯಾಗಿ ಕೂತಿತ್ತು. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಬ್ರಷ್, ಬ್ಲೋವರ್‌ನಿಂದ ಶುಚಿ ಮಾಡಿ, ಹೊಸ ಪೇಸ್ಟ್ ಹಚ್ಚಿ, ಫ್ಯಾನನ್ನು ಮತ್ತೆ ಕೂರಿಸಿದ. ಅಂಗಡಿಯ ಕೆಲಸ ಅವತ್ತೇ ಮತ್ತೆ ಶುರುವಾಯಿತು. ಪ್ರೊಸೆಸರ್ ಅತಿಯಾಗಿ ಕಾದರೆ ತನ್ನನ್ನು ಉಳಿಸಿಕೊಳ್ಳಲು ಯಂತ್ರ ತಾನೇ ಆರುತ್ತದೆ. ಹಾಗೆ ಆರಿದ ಮಾತ್ರಕ್ಕೆ ಯಂತ್ರದ ಕಥೆ ಮುಗಿಯಿತೆಂದು ತೀರ್ಮಾನಿಸಬಾರದು.

ಆ ಅಂಗಡಿಯವರು ಹೊಸ ಕಂಪ್ಯೂಟರಿಗೆ ಹೆದರುವುದಕ್ಕೆ ದುಡ್ಡಿನ ಆಚೆಗೂ ಕಾರಣವಿದೆ. ಕನ್ನಡದ ಸಣ್ಣಪುಟ್ಟ ಮುದ್ರಣವೆಲ್ಲ ದಶಕಗಳ ಕಾಲ ನಡೆದದ್ದು ಪೇಜ್‌ಮೇಕರಿನಲ್ಲಿ, ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ. ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಇತ್ತೀಚಿನ ಆವೃತ್ತಿಗಳು ಪೇಜ್‌ಮೇಕರ್ ಫೈಲನ್ನು ನೇರವಾಗಿ ತೆರೆಯುವುದಿಲ್ಲ. ಹಳೆಯ ಫಾಂಟ್ ಇಲ್ಲದ ಯಂತ್ರದಲ್ಲಿ ಆ ಕನ್ನಡ ಬರಹ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಊರಿನ ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿ, ಸ್ಥಳೀಯ ಲೇಖಕರ ಪುಸ್ತಕಗಳ ಪುಟಗಳು ಇಂಥ ಡಿಸ್ಕುಗಳಲ್ಲೇ ಉಳಿದಿವೆ. ಇವನ್ನು ಗುಜರಿಗೆ ಹಾಕುವ ಮುನ್ನ ಫೈಲುಗಳನ್ನು ಪಿಡಿಎಫ್ ಮಾಡಿಟ್ಟುಕೊಳ್ಳಬೇಕು, ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆ ಕೆಲಸ ಮುಗಿಯುವವರೆಗೆ ಹಳೆಯ ಯಂತ್ರವನ್ನು ಇಂಟರ್‌ನೆಟ್ ಸಂಪರ್ಕ ತಪ್ಪಿಸಿ ಉಳಿಸಿಕೊಳ್ಳುವುದೇ ಜಾಣತನ.

ಹಾಗೆಂದು ಎಲ್ಲವನ್ನೂ ರಿಪೇರಿ ಮಾಡುತ್ತಲೇ ಕೂರಬೇಕೆಂದು ನಾನು ಹೇಳುವುದಿಲ್ಲ. ಬದಲಿಸಲೇಬೇಕಾದ ಸಂದರ್ಭಗಳಿವೆ. ಮದರ್‌ಬೋರ್ಡ್ ಹೋದರೆ ಹಿಂದುಮುಂದು ನೋಡದೆ ಹೊಸದರ ಲೆಕ್ಕ ಹಾಕಿ. ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ, ಕಂದು ದ್ರವ ಒಸರಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಹಳೆಯ ಪ್ರೊಸೆಸರಿಗೆ ಹೊಂದುವ ಹೊಸ ಬೋರ್ಡು ಸಿಗುವುದು ಕಷ್ಟ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ ಸೆಕೆಂಡ್ ಹ್ಯಾಂಡ್ ತರಬಹುದು, ಆದರೆ ಅದು ಎಷ್ಟು ದಿನ ಬಾಳುತ್ತದೆಂಬ ಖಾತರಿ ಇಲ್ಲ. ಹೊಸ ತಲೆಮಾರಿನ ಬೋರ್ಡಿಗೆ ಹೋದರೆ ಪ್ರೊಸೆಸರೂ ಬದಲಾಗಬೇಕು, ಡಿಡಿಆರ್3 ರ‍್ಯಾಮ್ ಡಿಡಿಆರ್4 ಜಾಗದಲ್ಲಿ ಕೂರುವುದಿಲ್ಲವಾದ್ದರಿಂದ ರ‍್ಯಾಮೂ ಬದಲಾಗಬೇಕು. ಅಲ್ಲಿಗೆ ಅದು ರಿಪೇರಿಯಾಗಿ ಉಳಿಯುವುದಿಲ್ಲ, ಹೊಸ ಕಂಪ್ಯೂಟರೇ ಆಗುತ್ತದೆ. ಆಗಲೂ ಮಾನಿಟರ್, ಕೀಬೋರ್ಡ್, ಎಸ್‌ಎಸ್‌ಡಿ, ಬಹುತೇಕ ಸಲ ಕ್ಯಾಬಿನೆಟ್ಟು ಕೂಡ ಮುಂದುವರಿಯಬಲ್ಲವು. ನನ್ನ ಅಳತೆಗೋಲು ಇಷ್ಟೇ: ಅದೇ ಕೆಲಸ ಮಾಡುವ ಹೊಸ ಯಂತ್ರದ ಬೆಲೆಯಲ್ಲಿ ಮೂರರಲ್ಲೊಂದು ಪಾಲಿಗಿಂತ ರಿಪೇರಿ ಖರ್ಚು ಕಡಿಮೆಯಿದ್ದರೆ ರಿಪೇರಿ, ಅರ್ಧ ದಾಟಿದರೆ ಬದಲಾವಣೆ.

ಬದಲಿಸಲು ಇನ್ನೊಂದು ಕಾರಣ ಭದ್ರತೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಿನ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು. ಅಂದರೆ 2017ಕ್ಕಿಂತ ಹಳೆಯ ಯಂತ್ರಗಳು, ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ, ಹೆಚ್ಚುಕಡಿಮೆ ಎಲ್ಲ ಹೊರಗೆ. ಮೈಕ್ರೋಸಾಫ್ಟ್ ವಿಂಡೋಸ್ 10ರ ಭದ್ರತಾ ಅಪ್‌ಡೇಟನ್ನು ವಿಸ್ತರಿಸುವ ಯೋಜನೆಯೊಂದನ್ನು ತಂದಿದೆ. ಅದಕ್ಕೆ ಬಳಕೆದಾರರೇ ನೋಂದಾಯಿಸಿಕೊಳ್ಳಬೇಕು. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶದ ಮೇಲೆ ನಿಂತ ಅಂಗಡಿ, ಕಚೇರಿಗಳು ಈ ಅವಕಾಶ ಸಿಗುವಷ್ಟು ದಿನ ಬಳಸಿಕೊಂಡು ಮುಂದಿನ ಯಂತ್ರಕ್ಕೆ ಹಣ ಹೊಂದಿಸಿಕೊಳ್ಳಬೇಕು. ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಬೇಡ. ಓದು, ಬರಹ, ವೀಡಿಯೊ, ಇಂಟರ್‌ನೆಟ್ ಮಾತ್ರ ಸಾಕೆನ್ನುವ ಮನೆಗಳಿಗೆ, ಶಾಲೆಗಳಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಳ್ಳಬಹುದು. ಎರಡೂ ಉಚಿತ, ಎರಡಕ್ಕೂ ಅಪ್‌ಡೇಟ್ ಬರುತ್ತಿರುತ್ತದೆ, ಎರಡರಲ್ಲೂ ಯೂನಿಕೋಡ್ ಕನ್ನಡ ಚೆನ್ನಾಗಿ ಮೂಡುತ್ತದೆ. ಲಿಬ್ರೆ ಆಫೀಸಿನಲ್ಲಿ ಪತ್ರ, ಲೆಕ್ಕದ ಹಾಳೆ ಎಲ್ಲ ಆಗುತ್ತದೆ.

ಹೊಸದು ಕರೆಂಟ್ ಉಳಿಸುತ್ತದಲ್ಲ ಎಂಬ ಮಾತೂ ಇದೆ. ಲೆಕ್ಕ ಹಾಕೋಣ. ಹಳೆಯದು 100 ವ್ಯಾಟ್, ಹೊಸ ಪುಟ್ಟ ಪೆಟ್ಟಿಗೆ 20 ವ್ಯಾಟ್ ಎನ್ನಿ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಓಡಿಸಿದರೆ ಉಳಿಯುವುದು 16 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯಂತೆ ತಿಂಗಳಿಗೆ 96 ರೂಪಾಯಿ. ಈ ಉಳಿತಾಯವೊಂದರಿಂದಲೇ ಹೊಸ ಯಂತ್ರದ ಬೆಲೆ ತೀರಬೇಕಾದರೆ ಎಷ್ಟು ವರ್ಷ ಬೇಕೆಂದು ಓದುಗರೇ ಲೆಕ್ಕ ಹಾಕಬಹುದು. ಜತೆಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಜಗತ್ತಿನೆಲ್ಲೆಡೆ ಜಿಗಿಯಿತು. ಕೈಯಲ್ಲಿರುವ ಯಂತ್ರವನ್ನು ಉಳಿಸಿಕೊಳ್ಳಲು ಅದೂ ಒಂದು ಕಾರಣ.

ನಮ್ಮ ಜೇಬಿನಾಚೆಯ ಲೆಕ್ಕವೂ ಇದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂದಿನ ಒಂದು ಡೆಸ್ಕ್‌ಟಾಪ್ ಮತ್ತು 17 ಇಂಚಿನ ಮಾನಿಟರ್ ತಯಾರಿಸಲು ಕನಿಷ್ಠ 240 ಕಿಲೊ ಪಳೆಯುಳಿಕೆ ಇಂಧನ, 22 ಕಿಲೊ ರಾಸಾಯನಿಕ ಮತ್ತು 1,500 ಕಿಲೊ ನೀರು ಬೇಕಿತ್ತು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ. ಉಳಿದದ್ದರ ಬಹುಪಾಲಿಗೆ ಲೆಕ್ಕವೇ ಇಲ್ಲ. ತಾಮ್ರಕ್ಕಾಗಿ ತಂತಿ ಸುಡುವ, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುವ ಕೆಲಸ ಮಾಡುವವರು ಬಡವರು, ಹಲವೆಡೆ ಮಕ್ಕಳು. ಹಾಗಾಗಿ ಎಸೆಯಲೇಬೇಕಾದಾಗ ತೂಕಕ್ಕೆ ಕೊಳ್ಳುವವರಿಗೆ ಕೊಡಬೇಡಿ. ಬೆಂಗಳೂರು ಹೊರವಲಯದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಅಧಿಕೃತ ಸಂಸ್ಕರಣಾ ಘಟಕ 2005ರಲ್ಲೇ ಆರಂಭವಾಯಿತು. ಅಂಥ ನೋಂದಾಯಿತ ಘಟಕಗಳಿಗೇ ಕೊಡಬೇಕು. ಕೊಡುವ ಮುನ್ನ ಡಿಸ್ಕನ್ನು ಪೂರ್ತಿ ಅಳಿಸಬೇಕು. ಫೈಲ್ ಡಿಲೀಟ್ ಮಾಡಿದ ಮಾತ್ರಕ್ಕೆ ಮಾಹಿತಿ ಹೋಗುವುದಿಲ್ಲ, ಅದನ್ನು ಮರಳಿ ಪಡೆಯಬಹುದು.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಆರಂಭಿಸಿದೆ. ಅದು ಮಾಹಿತಿ ಕೊಟ್ಟರೆ ಸಾಲದು. ಬಿಡಿಭಾಗಗಳನ್ನು ಇಂತಿಷ್ಟು ವರ್ಷ ಪೂರೈಸಲೇಬೇಕು, ರಿಪೇರಿ ಕೈಪಿಡಿಯನ್ನು ಎಲ್ಲರಿಗೂ ತೆರೆದಿಡಬೇಕು ಎಂಬ ಕಟ್ಟುನಿಟ್ಟಿನ ಕಾನೂನು ಬರಬೇಕು. ಸರ್ಕಾರಿ ಶಾಲೆ, ಕಚೇರಿಗಳಲ್ಲಿ ಕಂಪ್ಯೂಟರುಗಳನ್ನು ಕಂಡಮ್ ಮಾಡುವ ಮುನ್ನ ಒಂದೊಂದನ್ನೂ ಬಿಚ್ಚಿ ಪರೀಕ್ಷಿಸಿ, ಎಸ್‌ಎಸ್‌ಡಿ ಹಾಕಿದರೆ ಓಡುವಂಥವನ್ನು ಮಕ್ಕಳ ಲ್ಯಾಬಿಗೆ ಉಳಿಸಬೇಕು.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ಕಂಪ್ಯೂಟರ್ ಕೆಟ್ಟ ದಿನವೇ ಹೊಸದರ ಶೋರೂಮಿಗೆ ಹೋಗಬೇಡಿ. ಮೊದಲು ದಾಖಲೆಗಳನ್ನು ನಕಲು ಮಾಡಿಕೊಳ್ಳಿ. ಊರಿನ ನಂಬಿಕಸ್ಥ ಮೆಕ್ಯಾನಿಕ್ ಒಬ್ಬರಿಂದ ನಿಮ್ಮೆದುರಿಗೇ ಪೆಟ್ಟಿಗೆ ಬಿಚ್ಚಿಸಿ. ಕೆಟ್ಟದ್ದು ಯಾವ ಭಾಗ, ಅದರ ಬೆಲೆ ಎಷ್ಟು, ಸರಿಯಾದರೆ ನಿಮ್ಮ ಕೆಲಸಕ್ಕೆ ಸಾಲುತ್ತದೆಯೇ ಎಂದು ಕೇಳಿ. ಅವರ ದುಡಿಮೆಗೆ ಚೌಕಾಸಿ ಮಾಡದೆ ಹಣ ಕೊಡಿ. ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಬದಲಿಸಬೇಕೆಂದು ಕಂಡರೆ ಧಾರಾಳವಾಗಿ ಬದಲಿಸಿ.