ಸೈಲೆನ್ಸರಿಗೆ ಕಪ್ಪು ಬಣ್ಣ

ಆಯುಧಪೂಜೆಗೆ ಇನ್ನು ನಾಲ್ಕೇ ದಿನ. ಮೈಸೂರಿನ ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ತಂದೆಯ ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲನ್ನು ತೊಳೆದು ಒರೆಸಿದ. ಅದೇ ಊರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಅದು. 1961ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿರುವುದು ಈ ಗಾಡಿಯ ವಿಶೇಷ. ಆದರೆ ಅವುಗಳ ಕ್ರೋಮಿಯಂ ಹೊಳಪು ಮಾಸಿ, ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಕಿಟಕಿಯ ಸರಳುಗಳಿಗೆ ಬಳಿದು ಉಳಿದಿದ್ದ ಕಪ್ಪು ಎನಾಮಲ್ ಬಣ್ಣವನ್ನೇ ಹುಡುಗ ಅವಕ್ಕೂ ಬಳಿದ. ಮರುದಿನ ಚಾಮುಂಡಿಬೆಟ್ಟಕ್ಕೆ ಹೋಗಿ ಬರುವಷ್ಟರಲ್ಲಿ ಬಣ್ಣ ಹೊಗೆಯಾಡಿ, ಗುಳ್ಳೆ ಎದ್ದು, ಈರುಳ್ಳಿ ಸಿಪ್ಪೆಯಂತೆ ಸುಲಿದುಬಂದಿತ್ತು.

ತಪ್ಪಾದದ್ದು ಎಲ್ಲಿ? ಯಾವುದೇ ಬಣ್ಣದಲ್ಲಿ ಮುಖ್ಯವಾಗಿ ಎರಡು ವಸ್ತುಗಳಿರುತ್ತವೆ. ಒಂದು, ಬಣ್ಣ ಕೊಡುವ ಪುಡಿ; ಇನ್ನೊಂದು, ಆ ಪುಡಿಯನ್ನು ಲೋಹಕ್ಕೆ ಅಂಟಿಸುವ ರಾಳ. ಎನಾಮಲ್ ಬಣ್ಣದ ರಾಳವು ಇಂಗಾಲದ ಸಂಯುಕ್ತ. ಉಷ್ಣತೆ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದರೆ ಅದು ಒಡೆದು ಸುಟ್ಟುಹೋಗುತ್ತದೆ. ಇಂಜಿನ್ನಿಗೆ ತಾಗಿರುವ ಬೆಂಡ್ ಪೈಪು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ರಾಳವೇ ಸುಟ್ಟಮೇಲೆ ಪುಡಿಯನ್ನು ಹಿಡಿದಿಡುವವರು ಯಾರು?

ಇದಕ್ಕಾಗಿಯೇ ಶಾಖ ತಾಳುವ ಬೇರೆ ಬಣ್ಣವಿದೆ. ಅದರ ರಾಳ ಸಿಲಿಕೋನ್. ಇದರ ಅಣುಗಳ ಬೆನ್ನೆಲುಬು ಇಂಗಾಲದ ಸರಪಣಿಯಲ್ಲ. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದರ ಪಕ್ಕ ಒಂದು ಕೂತ ಸರಪಣಿ. ಮರಳಿನಲ್ಲಿ ಇರುವುದೂ ಇದೇ ಬಂಧ. ಮರಳು ಬೆಂಕಿಗೆ ಸುಡುವುದಿಲ್ಲ ಎಂಬುದನ್ನು ನೆನೆದರೆ ಗುಟ್ಟು ತಿಳಿಯುತ್ತದೆ. ಕಪ್ಪು ಬಣ್ಣಕ್ಕೂ ಇಲ್ಲಿ ಮಸಿಯ ಬದಲು ಕಬ್ಬಿಣ, ಮ್ಯಾಂಗನೀಸ್, ತಾಮ್ರ ಮುಂತಾದ ಲೋಹಗಳ ಆಕ್ಸೈಡುಗಳನ್ನು ಬಳಸುತ್ತಾರೆ. ಅವು ಈಗಾಗಲೇ ಆಮ್ಲಜನಕದೊಡನೆ ಕೂಡಿರುವುದರಿಂದ ಮಸಿಯಂತೆ ಉರಿದುಹೋಗುವುದಿಲ್ಲ.

ಒಳ್ಳೆಯ ಬಣ್ಣ ತಂದರಷ್ಟೇ ಸಾಲದು. ತುಕ್ಕಿನ ಮೇಲೆ ಬಳಿದ ಬಣ್ಣ ತುಕ್ಕಿನೊಡನೆಯೇ ಉದುರುತ್ತದೆ. ಎಮರಿ ಕಾಗದದಿಂದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯಬೇಕು. ನುಣುಪಾದ ಕ್ರೋಮಿಯಂ ಮೇಲೆ ಬಣ್ಣ ಕಚ್ಚಿಕೊಳ್ಳದು; ಅದನ್ನೂ ಉಜ್ಜಿ ಒರಟು ಮಾಡಬೇಕು. ಎರಡು ಸ್ಟ್ರೋಕಿನ ಗಾಡಿಗಳಲ್ಲಿ ಪೆಟ್ರೋಲಿನೊಡನೆ ಆಯಿಲ್ ಕೂಡ ಉರಿಯುವುದರಿಂದ ಸೈಲೆನ್ಸರಿನ ಕೀಲುಗಳಲ್ಲಿ ಜಿಡ್ಡು ಒಸರಿರುತ್ತದೆ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸಬೇಕು. ಆಮೇಲೆ ತೆಳುವಾಗಿ ಎರಡು ಮೂರು ಸಲ ಬಣ್ಣ ಹಚ್ಚಬೇಕು. ದೋಸೆ ಕಾವಲಿಯನ್ನು ಪಳಗಿಸುವ ತಾಯಂದಿರಿಗೆ ಇದು ಗೊತ್ತು: ತೆಳುವಾಗಿ ಎಣ್ಣೆ ಸವರಿ, ಕಾಯಿಸಿ, ಮತ್ತೆ ಸವರಿದರೆ ಪದರ ಕೂರುತ್ತದೆ, ಒಮ್ಮೆಗೇ ಸುರಿದರೆ ಅಂಟಂಟಾಗುತ್ತದೆ.

ಬಣ್ಣ ಒಣಗಿದಂತೆ ಕಂಡರೂ ಗಟ್ಟಿಯಾಗಿರುವುದಿಲ್ಲ. ಶಾಖ ತಾಗಿದಾಗಲೇ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುವುದು. ಡಬ್ಬಿಯ ಮೇಲಿನ ಸೂಚನೆಯಂತೆ ಇಂಜಿನ್ನನ್ನು ನಿಧಾನವಾಗಿ ಸ್ವಲ್ಪ ಹೊತ್ತು ಓಡಿಸಿ, ತಣಿಸಿ, ಮತ್ತೆ ಓಡಿಸಬೇಕು.

ಎಚ್ಚರ ಬೇಕಾದದ್ದು ಇಲ್ಲಿಯೇ. ಆ ಹುಡುಗ ಎರಡನೆಯ ಸಲ ಸರಿಯಾದ ಬಣ್ಣವನ್ನೇ ಹಚ್ಚಿದ. ಹೊರಗೆ ಮಳೆ ಹನಿಯುತ್ತಿತ್ತೆಂದು ಗಾಡಿಯನ್ನು ಷೆಡ್ಡಿನೊಳಗೆ ನಿಲ್ಲಿಸಿ, ಬಾಗಿಲು ಎಳೆದುಕೊಂಡು ಇಂಜಿನ್ ಚಾಲೂ ಮಾಡಿದ. ಸದ್ದು ಕೇಳಿ ಓಡಿಬಂದ ತಂದೆ ಮೊದಲು ಇಂಜಿನ್ ನಿಲ್ಲಿಸಿ, ಮಗನನ್ನು ಹೊರಗೆಳೆದು, ಆಮೇಲೆ ಬೈದರು. ಸೈಲೆನ್ಸರಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು ಬರುವಷ್ಟರಲ್ಲಿ ಎದ್ದು ಹೊರಗೆ ಹೋಗುವ ಶಕ್ತಿಯೇ ಉಳಿಯದಿರಬಹುದು. ಈ ಕೆಲಸವನ್ನು ಬಯಲಿನಲ್ಲಿ ಮಾತ್ರ ಮಾಡಬೇಕು. ಮಳೆ ಬಂದರೆ ನಾಳೆಗೆ ಮುಂದೂಡಬೇಕು.

ಹೊರಗೆ ಎಷ್ಟೇ ಬಣ್ಣ ಬಳಿದರೂ ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯಬಹುದು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬರಿ ಬೀದಿ ತುದಿಯ ಅಂಗಡಿಗೆ ಹೋಗಿ ಬರುವ ಗಾಡಿಯಲ್ಲಿ ಕೊಳವೆ ಸರಿಯಾಗಿ ಕಾಯುವುದೇ ಇಲ್ಲ. ಆವಿ ಒಳಗೇ ನೀರಾಗಿ ನಿಲ್ಲುತ್ತದೆ. ಆಗಾಗ ಸ್ವಲ್ಪ ದೂರ ಓಡಿಸುವುದೇ ಇದಕ್ಕೆ ಮದ್ದು.

ಇನ್ನೊಂದು ಮಾತು. ಕಬ್ಬಿಣ ಕೆಂಪಗೆ ಕಾಣಲು ಸುಮಾರು 500 ಡಿಗ್ರಿ ದಾಟಬೇಕು. ಆದರೆ ಚರ್ಮ ಸುಡಲು 70 ಡಿಗ್ರಿಯ ಲೋಹ ಒಂದು ಸೆಕೆಂಡು ತಾಗಿದರೂ ಸಾಕು. ಈಗ ತಾನೇ ಬಂದು ನಿಂತ ಗಾಡಿಯ ಕಪ್ಪು ಸೈಲೆನ್ಸರ್ ನೋಡಲು ತಣ್ಣಗಿದ್ದಂತೆಯೇ ಇರುತ್ತದೆ. ಅದರ ಎತ್ತರವೋ, ಪುಟ್ಟ ಮಕ್ಕಳ ಕಾಲಿಗೆ, ಕೈಗೆ ಸರಿಸಮ. ಆಕಸ್ಮಾತ್ ಸುಟ್ಟರೆ ಟೂತ್‌ಪೇಸ್ಟ್, ಕಾಫಿಪುಡಿ, ಬೆಣ್ಣೆ ಯಾವುದನ್ನೂ ಹಚ್ಚಬಾರದು. 20 ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿದು, ಗುಳ್ಳೆ ಎದ್ದರೆ ವೈದ್ಯರಿಗೆ ತೋರಿಸಬೇಕು.

ಮನೆಯಲ್ಲೇ ಮಾಡಿ ನೋಡಿ: ಒಂದೇ ಅಳತೆಯ ಎರಡು ಹೊಳೆಯುವ ತಗಡಿನ ಡಬ್ಬಗಳನ್ನು ತೆಗೆದುಕೊಂಡು, ಒಂದರ ಹೊರಮೈಗೆ ದೀಪದ ಮಸಿ ಹಿಡಿಸಿ. ಎರಡಕ್ಕೂ ಸಮನಾಗಿ ಬಿಸಿನೀರು ತುಂಬಿ, ಮುಚ್ಚಳ ಹಾಕಿ, ಐದೈದು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ. ಯಾವುದು ಬೇಗ ತಣಿಯಿತು? ಕಪ್ಪು ಸೈಲೆನ್ಸರ್ ಶಾಖವನ್ನು ಹೊಳೆಯುವುದಕ್ಕಿಂತ ಚೆನ್ನಾಗಿ ಹೊರಸೂಸಲು ಕಾರಣ ಅಲ್ಲೇ ಸಿಗುತ್ತದೆ.